ಕ್ಯೂಬಾದ ಒಂಬತ್ತು ಹಾವು, ನಮ್ಮೂರಿನ ಎರಡು

ಜನವರಿ ಎರಡನೇ ವಾರ. ಆಫೀಸಿನಲ್ಲಿ ರಿವ್ಯೂ ಮೀಟಿಂಗ್ ನಡೀತಿತ್ತು. ಮೇಜಿನ ಕೆಳಗೆ ಫೋನ್ ಹಿಡ್ಕೊಂಡು ನಮ್ಮ ಫ್ಯಾಮಿಲಿ ಗ್ರೂಪ್ ತೆಗೆದೆ. ಸಾಮಾನ್ಯವಾಗಿ ಅಲ್ಲಿರೋದು ಶುಭೋದಯದ ಗುಲಾಬಿ, ಮಂಡಿನೋವಿಗೆ ಮೆಂತ್ಯದ ಮದ್ದು, ಯಾರದೋ ಗೃಹಪ್ರವೇಶದ ಪತ್ರಿಕೆ. ಅವತ್ತು ಒಂದು ಫೋಟೊ ಬಂದಿತ್ತು. ಸಾಲಾಗಿ ಹೆಡೆ ಎತ್ತಿ ನಿಂತ ಐದು ನಾಗರಹಾವು. ಮೇಲೆ ದಪ್ಪ ಅಕ್ಷರದಲ್ಲಿ, ‘ಹಾವುಗಳು ಸಂಚು ಹೂಡಿ ಒಟ್ಟಾಗಿ ಬೇಟೆಯಾಡುತ್ತವೆ! ವಿಜ್ಞಾನಿಗಳಿಂದಲೇ ದೃಢ!’ ಕೆಳಗೆ ನನ್ನ ಚಿಕ್ಕಪ್ಪನ ಮಗ ಬರೆದಿದ್ದ, ‘ದೊಡ್ಡಪ್ಪನ ವಿಷಯದಲ್ಲಿ ಹಿರಿಯರು ಹೇಳಿದ್ದು ಸುಳ್ಳಲ್ಲ, ನೋಡ್ರಪ್ಪ.’

ಹನ್ನೊಂದು ಜನ ಕೈಮುಗಿಯೋ ಇಮೋಜಿ ಹಾಕಿದ್ದರು. ಆ ಗ್ರೂಪಿನಲ್ಲಿ ನಮ್ಮ ದೊಡ್ಡವ್ವನೂ ಇದ್ದಾಳೆ. ಅವಳಿಗೆ ಓದೋಕೆ ಅಷ್ಟು ಬರಲ್ಲ, ಮೊಮ್ಮಗ ಓದಿ ಹೇಳ್ತಾನೆ. ಎರಡು ನೀಲಿ ಗೆರೆ ಬಿದ್ದಿದ್ದವು. ಅಂದ್ರೆ ಯಾರೋ ಓದಿ ಹೇಳಿಯಾಗಿತ್ತು.

ಮೀಟಿಂಗಿನಲ್ಲಿ ಆಮೇಲೆ ಏನು ನಡೀತು ಅಂತ ನನ್ನ ಕೇಳಬೇಡಿ.

ವಿಷಯ ಏನಂದ್ರೆ, ನಾನು ಮಂಡ್ಯ ಕಡೆಯವಳು. 2003ರ ಜನವರಿ, ಸಂಕ್ರಾಂತಿ ಕಳೆದು ನಾಲ್ಕೈದು ದಿನ ಆಗಿತ್ತು. ನನಗಾಗ ಒಂಬತ್ತು ವರ್ಷ. ಹಿತ್ತಿಲಲ್ಲಿ ಹುಲ್ಲಿನ ಮೆದೆ ಪಕ್ಕ ಒಂದು ಕೊಳಕುಮಂಡಲ ಮಲಗಿತ್ತು. ಮೊದಲು ಕಂಡಿದ್ದು ದೊಡ್ಡವ್ವನಿಗೆ. ಮನೇಲಿ ನಾವು ನಾಲ್ಕು ಮಕ್ಕಳು, ಆ ಮೆದೆ ಹತ್ತಿ ಇಳಿಯೋದೇ ನಮ್ಮ ಕೆಲಸ. ದೊಡ್ಡವ್ವ ಕೂಗಿ ದೊಡ್ಡಪ್ಪನನ್ನು ಕರೆದಳು, ದೊಡ್ಡಪ್ಪ ದೊಣ್ಣೆ ತಂದ. ಸತ್ತ ಹಾವನ್ನು ಕೋಲಲ್ಲಿ ಎತ್ತಿಕೊಂಡು ಹೋಗಿ ಕಬ್ಬಿನ ಗದ್ದೆ ಬದುವಿನ ಆಚೆ ಎಸೆದು ಬಂದ. ನಾಲ್ಕನೇ ರಾತ್ರಿ ತ್ರೀ ಫೇಸ್ ಕರೆಂಟ್ ಬಂತು ಅಂತ ಮೋಟ್ರು ಹಾಕಿ, ಅದೇ ಗದ್ದೆಗೆ ನೀರು ತಿರುಗಿಸೋಕೆ ಹೋದ. ಕಬ್ಬಿನ ತರಗಿನ ಮೇಲೆ ಬರಿಗಾಲು ಇಟ್ಟ. ಇನ್ನೊಂದು ಕೊಳಕುಮಂಡಲ ಕಚ್ಚಿತು. ಮೂರನೇ ದಿನ ದೊಡ್ಡಪ್ಪ ಇರಲಿಲ್ಲ.

‘ಜೋಡಿ ಬಿಡಲಿಲ್ಲ’ ಅಂದರು ಊರವರು. ಒಂದನ್ನ ಕೊಂದ್ರೆ ಇನ್ನೊಂದು ಹುಡುಕಿಕೊಂಡು ಬರುತ್ತೆ, ಹನ್ನೆರಡು ವರ್ಷ ಆದರೂ ಹಗೆ ಮರೆಯಲ್ಲ ಅನ್ನೋ ಮಾತು ನಿಮ್ಮೂರಲ್ಲೂ ಇರಬಹುದು. ನಮ್ಮ ಮನೆಯಲ್ಲಿ ಅದು ಬರೀ ಮಾತಾಗಿ ಉಳಿಯಲಿಲ್ಲ. ಕುಕ್ಕೆಗೆ ಹೋಗಿ ಎರಡು ದಿನದ ಸರ್ಪಸಂಸ್ಕಾರ ಮಾಡಿಸಿದ್ದಾಯಿತು. ಪ್ರತಿ ವರ್ಷ ಎಡೆ ಇಡೋ ದಿನ ಯಾರಾದರೊಬ್ಬರು ಆ ಕತೆ ತೆಗೆಯೋರು, ಇನ್ನೊಬ್ಬರು ‘ಅವತ್ತು ಆ ಹಾವನ್ನ ಸುಮ್ನೆ ಬಿಟ್ಟಿದ್ರೆ’ ಅನ್ನೋರು. ದೊಡ್ಡವ್ವನ ಮುಖ ಯಾರೂ ನೋಡುತ್ತಿರಲಿಲ್ಲ. ಕೂಗಿ ಕರೆದವಳು ಅವಳೇ ತಾನೆ.

ಇಪ್ಪತ್ತು ವರ್ಷ ದಾಟಿದ ಮೇಲೆ ಈಗ ವಿಜ್ಞಾನಿಗಳೂ ಅದನ್ನೇ ಹೇಳ್ತಿದ್ದಾರೆ ಅಂತ ಅವಳಿಗೆ ಯಾರೋ ಓದಿ ಹೇಳಿದ್ದರು. ನನಗೆ ಸಿಟ್ಟು ಬಂತು. ಸಂಜೆ ಮೆಟ್ರೋದಲ್ಲಿ ನಿಂತುಕೊಂಡೇ ಹುಡುಕೋಕೆ ಶುರು ಮಾಡಿದೆ. ಇದು ಸುಳ್ಳು ಸುದ್ದಿ ಅಂತ ಒಂದು ಲಿಂಕ್ ಗ್ರೂಪಿಗೆ ಎಸೆದರೆ ಮುಗೀತು ಅನ್ನೋದು ನನ್ನ ಲೆಕ್ಕ.

ಸುಳ್ಳಾಗಿರಲಿಲ್ಲ. ಫೋಟೊ ಸುಳ್ಳು, ‘ಸಂಚು’ ಅನ್ನೋದು ಸುಳ್ಳು. ಆದರೆ ಹಾವುಗಳು ಒಟ್ಟಾಗಿ ಬೇಟೆಯಾಡಿದ್ದು ನಿಜ.

2017ರಲ್ಲಿ ಬಂದ ಒಂದು ಪುಟ್ಟ ಪ್ರಬಂಧ ಅದು. ಬರೆದವರು ವ್ಲಾದಿಮಿರ್ ಡಿನೆಟ್ಸ್, ಆಗ ಅಮೆರಿಕದ ಟೆನ್ನೆಸ್ಸಿ ವಿಶ್ವವಿದ್ಯಾಲಯದಲ್ಲಿದ್ದರು. ಜಾಗ ಕ್ಯೂಬಾದ ಒಂದು ರಾಷ್ಟ್ರೀಯ ಉದ್ಯಾನ, ಹೆಸರು ಡೆಸೆಂಬಾರ್ಕೊ ಡೆಲ್ ಗ್ರಾನ್ಮಾ. 1956ರಲ್ಲಿ ಫಿಡೆಲ್ ಕ್ಯಾಸ್ಟ್ರೊ ಮತ್ತು ಸಂಗಡಿಗರು ಗ್ರಾನ್ಮಾ ಅನ್ನೋ ಹಡಗಿನಲ್ಲಿ ಬಂದು ಇಳಿದ ತೀರ, ಅದಕ್ಕೇ ಆ ಹೆಸರು. ಸುಣ್ಣಕಲ್ಲಿನ ನೆಲ, ತುಂಬ ಗುಹೆಗಳು. ಅಂಥ ಒಂದು ಗುಹೆಯಲ್ಲಿ ಹಣ್ಣು ತಿನ್ನೋ ಬಾವಲಿಗಳ ದೊಡ್ಡ ಸಂಸಾರ. ಜೊತೆಗೆ ಒಂಬತ್ತು ಹಾವು.

ಕ್ಯೂಬಾದ ಬೋವಾ ಹಾವು. ನಮ್ಮ ಮಣ್ಣುಮುಕ್ಕನ ದೂರದ ನೆಂಟ ಅನ್ನಬಹುದು, ಆದರೆ ಗಾತ್ರದಲ್ಲಿ ಹೋಲಿಕೆಯೇ ಇಲ್ಲ. ಆ ದೇಶದ ಅತಿ ದೊಡ್ಡ ಹಾವು ಅದು. ವಿಷ ಇಲ್ಲ, ಸುತ್ತಿ ಹಿಸುಕಿ ಕೊಲ್ಲುತ್ತೆ. ಬಾವಲಿಗಳು ಸಂಜೆ ಹೊರಗೆ ಹಾರೋದಕ್ಕೆ, ನಸುಕಿನಲ್ಲಿ ವಾಪಸ್ ಬರೋದಕ್ಕೆ ಗುಹೆಯ ಒಳಗೊಂದು ಇಕ್ಕಟ್ಟು ಹಾದಿ ಹಾಯಬೇಕು. ಆ ಹೊತ್ತಿಗೆ ಸರಿಯಾಗಿ ಬೋವಾಗಳು ಹೊರಟು ಬಂದು ಗೋಡೆ ಹತ್ತಿ, ಮೇಲಿನ ಕಲ್ಲಿಗೆ ಬಾಲ ಸಿಕ್ಕಿಸಿಕೊಂಡು ತಲೆಕೆಳಗಾಗಿ ನೇತಾಡ್ತವೆ. ಕತ್ತಲಲ್ಲಿ ಪಕ್ಕದಲ್ಲೇ ಹಾರಿದ ಬಾವಲಿಯನ್ನು ಗಾಳಿಯಲ್ಲೇ ಬಾಯಿ ಹಾಕಿ ಹಿಡಿಯುತ್ತವೆ.

ಇಷ್ಟನ್ನು ನೋಡಿದ ಯಾರಾದರೂ ‘ಆಹಾ, ಒಗ್ಗಟ್ಟು’ ಅಂದುಬಿಡಬಹುದು. ಡಿನೆಟ್ಸ್ ಅನ್ನಲಿಲ್ಲ, ಅದೇ ನನಗೆ ಹಿಡಿಸಿದ್ದು. ಒಂದೇ ಜಾಗದಲ್ಲಿ ನಾಲ್ಕು ಪ್ರಾಣಿ ಇದ್ದ ಮಾತ್ರಕ್ಕೆ ಅವು ಜೊತೆಯಲ್ಲಿ ಇವೆ ಅಂತಲ್ಲ. ನಮ್ಮ ದರ್ಶಿನಿಗಳನ್ನೇ ನೋಡಿ. ಬೆಳಗ್ಗೆ ಎಂಟೂವರೆಗೆ ಕೌಂಟರ್ ಮುಂದೆ ಇಪ್ಪತ್ತು ಜನ ಮುತ್ತಿಕೊಂಡಿರ್ತಾರೆ. ಅವರೆಲ್ಲ ಒಂದು ತಂಡವೇ? ಇಡ್ಲಿ ಅಲ್ಲಿದೆ, ಅದಕ್ಕೆ ಅವರೂ ಅಲ್ಲಿದ್ದಾರೆ, ಅಷ್ಟೆ. ಪಕ್ಕದವನು ಇಲ್ಲದಿದ್ದರೇ ಎಲ್ಲರಿಗೂ ಖುಷಿ. ಆದರೆ ಅದೇ ಜನಜಂಗುಳಿಯಲ್ಲಿ ಇಬ್ಬರು ಗೆಳತಿಯರು ಬಂದು, ಒಬ್ಬಳು ಟೋಕನ್ ತಗೊಳ್ಳೋವಾಗ ಇನ್ನೊಬ್ಬಳು ಹೋಗಿ ಖಾಲಿ ಟೇಬಲ್ ಹತ್ತಿರ ನಿಂತರೆ ಅದು ಬೇರೆ. ಇವಳು ಎಲ್ಲಿದ್ದಾಳೆ ಅಂತ ನೋಡಿಕೊಂಡು ಅವಳು ತನ್ನ ಜಾಗ ಹಿಡಿದಿದ್ದಾಳೆ.

ಹಾವಿನ ವಿಷಯದಲ್ಲಿ ಈ ವ್ಯತ್ಯಾಸ ಹೇಗೆ ಗೊತ್ತು ಮಾಡೋದು? ಕೇಳೋ ಹಾಗಿಲ್ಲ. ಅವರು ಒಂಬತ್ತರಲ್ಲಿ ಯಾವುದು ಯಾವುದು ಅಂತ ಗುರುತು ಹಿಡಿದು, ಹೊತ್ತು ಮುಳುಗುವಾಗಲೂ ಹೊತ್ತು ಮೂಡುವಾಗಲೂ ಹೋಗಿ ಕೂತು, ಯಾವ ಹಾವು ಯಾವಾಗ ಬಂತು, ಹಾದಿಯ ಯಾವ ಭಾಗದಲ್ಲಿ ನೇತು ಬಿತ್ತು ಅಂತ ಬರೆದುಕೊಂಡರು. ಪ್ರತಿ ಹಾವೂ ತನ್ನ ಪಾಡಿಗೆ ತಾನು ಬರೋದಾದರೆ ಜಾಗಗಳು ಎಲ್ಲೆಂದರಲ್ಲಿ ಚೆದುರಿರಬೇಕು. ಅಥವಾ ಪೈಪೋಟಿ ಅಂತ ದೂರ ದೂರ ಹೋಗಬೇಕು. ಆದದ್ದು ಬೇರೆ. ತಡವಾಗಿ ಬಂದ ಹಾವು, ಮೊದಲೇ ಬಂದ ಹಾವುಗಳು ಇದ್ದ ಭಾಗಕ್ಕೇ ಹೋಗಿ ನೇತಾಡೋದು ಹೆಚ್ಚು. ಹಾಗಾಗಿ ಹಾದಿಗೆ ಅಡ್ಡಲಾಗಿ ಬೇಲಿ ಹಾಕಿದಂತೆ ಆಗ್ತಿತ್ತು. ಬಾವಲಿಗೆ ನುಸುಳೋ ಸಂದು ಕಡಿಮೆ. ಒಂಟಿಯಾಗಿ ಕಾದ ಹಾವಿಗಿಂತ ಜೊತೆಯಲ್ಲಿ ನೇತಾಡಿದ ಹಾವಿಗೆ ಬೇಟೆ ಬೇಗ ಸಿಗ್ತಿತ್ತು.

ಒಂದು ಗುಹೆ, ಒಂಬತ್ತು ಹಾವು, ಬೆರಳೆಣಿಕೆಯ ದಿನ. ಅಷ್ಟೇ ಆಧಾರ. ಹಾವುಗಳ ತಲೆಯೊಳಗೆ ಏನು ನಡೆಯುತ್ತೆ ಅಂತ ಆ ಪ್ರಬಂಧ ಹೇಳಲ್ಲ. ಇನ್ನೊಂದು ಎಲ್ಲಿದೆ ಅನ್ನೋದನ್ನ ಲೆಕ್ಕಕ್ಕೆ ತಗೊಂಡು ಇದು ಜಾಗ ಹಿಡಿಯುತ್ತೆ ಅನ್ನುತ್ತೆ, ಅಷ್ಟೆ. ಬೇರೆ ಹಾವುಗಳೂ ಹೀಗೆ ಮಾಡುತ್ತಿರಬಹುದು, ಆದರೆ ಅದನ್ನ ಕಾಣೋಕೆ ಬಹಳ ತಾಳ್ಮೆಯಿಂದ ಕಾಯೋ ಜನ ಬೇಕು ಅಂತಲೂ ಅನ್ನುತ್ತೆ. ಇಂಡೋನೇಷ್ಯಾದ ಬಂಡಾ ಸಮುದ್ರದಲ್ಲಿ ಕಡಲಹಾವುಗಳು ಮೀನುಗಳ ಹಿಂಡಿನ ಜೊತೆ ಸೇರಿ ಹವಳದ ಸಂದಿ ಸಂದಿ ಜಾಲಾಡೋ ದೃಶ್ಯ ಬಿಬಿಸಿಯ ಸಾಕ್ಷ್ಯಚಿತ್ರದಲ್ಲಿ ನೀವೂ ನೋಡಿರಬಹುದು. ಆದರೆ ಕೂತು ಎಣಿಸಿ ಲೆಕ್ಕ ಇಟ್ಟದ್ದು ಕ್ಯೂಬಾದಲ್ಲಿ. ಕ್ಯೂಬಾದ ಹೆಚ್ಚಿನ ಕಡೆ ಜನ ಈ ಬೋವಾಗಳನ್ನ ಹಿಡಿದು ತಿಂದು ಮುಗಿಸಿದ್ದಾರಂತೆ, ಇಷ್ಟೊಂದು ಹಾವು ಒಟ್ಟಿಗೆ ಉಳಿದಿರೋ ಗುಹೆಗಳೇ ಕಡಿಮೆ.

ನನ್ನ ಸ್ಟೇಷನ್ ಎರಡು ಹಿಂದೆ ಹೋಗಿತ್ತು. ವಾಪಸ್ ಮೆಟ್ರೋ ಹತ್ತಿದೆ.

ಸುಳ್ಳು ಸುದ್ದಿ ಅಂತ ಒಂದೇ ಏಟಿಗೆ ಹೊಡೆಯೋಕೆ ಆಗಲಿಲ್ಲವಲ್ಲ, ಹಾಗಾಗಿ ಇನ್ನಷ್ಟು ಓದಬೇಕಾಯಿತು. ಎರಡು ರಾತ್ರಿ ಓದಿದೆ. ನನಗೆ ಬೇಕಿದ್ದ ಪ್ರಶ್ನೆ ಒಂದೇ: ಆ ಎರಡನೇ ಕೊಳಕುಮಂಡಲ ಅಲ್ಲಿಗೆ ಯಾಕೆ ಬಂತು?

ಮೊದಲನೆಯದಾಗಿ, ಅದು ‘ಬಂದೇ’ ಇರಬೇಕು ಅಂತಿಲ್ಲ. ಕಬ್ಬು, ಭತ್ತ ಇದ್ದ ಕಡೆ ಇಲಿ, ಇಲಿ ಇದ್ದ ಕಡೆ ಕೊಳಕುಮಂಡಲ. ನಾಗರಹಾವು ಓಡಾಡಿ ಹುಡುಕಿ ತಿನ್ನೋ ಜಾತಿ, ಇದು ಕೂತು ಕಾಯೋ ಜಾತಿ. ತರಗಿನ ಬಣ್ಣವೇ ಇದರ ಬಣ್ಣ. ಇದರ ಎಚ್ಚರ ನಮಗೆ ಎಚ್ಚರದ ಹಾಗೆ ಕಾಣಲ್ಲ, ನಿದ್ದೆ ಮಾಡ್ತಿರೋ ಹಾಗೆ ಕಾಣುತ್ತೆ. ಹಾವಿಗೆ ಹೊರಕಿವಿ ಇಲ್ಲ, ಕಿವಿತಮಟೆಯೂ ಇಲ್ಲ. ಆದರೆ ನೆಲಕ್ಕೆ ತಾಗಿದ ದವಡೆ ಮೂಳೆಯಿಂದ ಒಳಕಿವಿಗೆ ಕಂಪನ ಹೋಗುತ್ತೆ. ಗಾಳಿಯಲ್ಲಿ ಬರೋ ಸದ್ದೂ ಅವುಗಳಿಗೆ ತಕ್ಕಮಟ್ಟಿಗೆ ಕೇಳುತ್ತೆ ಅಂತ ಆಸ್ಟ್ರೇಲಿಯಾದಲ್ಲಿ ಮಾಡಿದ ಪ್ರಯೋಗ 2023ರಲ್ಲಿ ತೋರಿಸಿದೆ. ನಾಲಿಗೆ ಹೊರಗೆ ಹಾಕೋದು ಹೆದರಿಸೋಕಲ್ಲ. ವಾಸನೆಯ ಕಣಗಳನ್ನ ಹಿಡಿದು ಒಳಗೆ ಒಯ್ದು, ಬಾಯಿಯ ಮೇಲ್ಭಾಗದಲ್ಲಿರೋ ಒಂದು ಅಂಗಕ್ಕೆ ಮುಟ್ಟಿಸೋಕೆ. ಅಂದ್ರೆ ದೊಡ್ಡಪ್ಪ ಗದ್ದೆಗೆ ಇಳಿದಾಗಲೇ ಅದಕ್ಕೆ ಗೊತ್ತಾಗಿರಬಹುದು. ಗೊತ್ತಾದರೂ ಅದು ಓಡಲ್ಲ, ಇನ್ನಷ್ಟು ಸುಮ್ಮನಾಗುತ್ತೆ. ತನ್ನನ್ನ ಯಾರೂ ನೋಡಿಲ್ಲ ಅನ್ನೋದರ ಮೇಲೇ ಅದರ ಬದುಕು ನಿಂತಿರೋದು. ತೀರ ಹತ್ತಿರ ಬಂದರೆ ಕುಕ್ಕರ್ ಸೀಟಿ ಬಿಟ್ಟ ಹಾಗೆ ಬುಸುಗುಡುತ್ತೆ. ಹತ್ತಿರದಲ್ಲೇ ಮೋಟ್ರು ಸದ್ದು ಇತ್ತು, ಕಾಲುವೆಯಲ್ಲಿ ನೀರು ಸುರೀತಿತ್ತು.

ಎರಡನೆಯದು ಚೂರು ಕಷ್ಟ. ನಾನು ಅದನ್ನ ಬಿಟ್ಟುಬಿಡೋಣ ಅಂದುಕೊಂಡಿದ್ದೆ, ಯಾಕಂದ್ರೆ ಅದು ಊರವರ ಕತೆಯ ಪಕ್ಕಕ್ಕೇ ಹೋಗಿ ನಿಲ್ಲುತ್ತೆ. ಹಾವುಗಳು ಒಂದರ ವಾಸನೆ ಹಿಡಿದು ಇನ್ನೊಂದು ಹೋಗೋದು ನಿಜ. ಅಮೆರಿಕದ ಬುಡುಬುಡಿಕೆ ಹಾವುಗಳ ಮೇಲೆ ರೂಲನ್ ಕ್ಲಾರ್ಕ್ ಅನ್ನೋರು ಮಾಡಿದ ಪ್ರಯೋಗ 2007ರಲ್ಲಿ ಬಂದಿದೆ. ಇತ್ತೀಚೆಗೆ ಹೊಟ್ಟೆ ತುಂಬ ತಿಂದ ಇನ್ನೊಂದು ಹಾವಿನ ವಾಸನೆ ಇರೋ ಕಡೆಯೇ ಅವು ಹೊಂಚು ಹಾಕೋಕೆ ಕೂರುತ್ತವಂತೆ. ನೋಡೋಕೆ ಒಂಟಿ ಪ್ರಾಣಿ, ಆದರೆ ಪಕ್ಕದ ಮನೆಯವರಿಗೆ ಎಲ್ಲಿ ಊಟ ಸಿಕ್ಕಿತು ಅನ್ನೋದರ ಮೇಲೆ ಕಣ್ಣು. ಹೆಣ್ಣಿನ ಮೈಯ ವಾಸನೆಯ ಜಾಡು ಹಿಡಿದು ಗಂಡು ಹುಡುಕಿಕೊಂಡು ಹೋಗೋದೂ ಹಲವು ಹಾವುಗಳಲ್ಲಿ ಗೊತ್ತಿರೋ ವಿಷಯ. ನಮ್ಮ ಕಡೆ ಕೊಳಕುಮಂಡಲಗಳು ಜೋಡಿ ಹುಡುಕೋದು ಚಳಿಗಾಲದಲ್ಲೇ. ಮೊಟ್ಟೆ ಇಡಲ್ಲ ಅವು, ಬೇಸಿಗೆ ಕೊನೆಗೆ, ಮಳೆ ಶುರುವಾಗೋ ಹೊತ್ತಿಗೆ ಮರಿ ಹಾಕ್ತವೆ.

ಅಂದರೆ ದೊಡ್ಡಪ್ಪ ಕೊಂದದ್ದು ಹೆಣ್ಣಾಗಿದ್ದರೆ, ಬದುವಿನ ಆಚೆ ಎಸೆದ ಆ ಹಾವಿನ ಜಾಡು ಹಿಡಿದು ಒಂದು ಗಂಡು ಬಂದಿರೋಕೆ ಸಾಧ್ಯ. ಬಂದಿದ್ದರೆ ಅವಳನ್ನ ಹುಡುಕಿಕೊಂಡು ಬಂದಿರಬೇಕು. ನಮ್ಮ ದೊಡ್ಡಪ್ಪ ಯಾರು ಅಂತ ಅದಕ್ಕೆ ಗೊತ್ತೇ ಇರಲಿಲ್ಲ.

ಈ ಕೊನೇ ವಾಕ್ಯ ಹೊಳೆದಾಗ ನನಗೆ ನಾನೇ ಬೆನ್ನು ತಟ್ಟಿಕೊಂಡೆ. ಇದನ್ನ ದೊಡ್ಡವ್ವನಿಗೆ ಎದುರಿಗೇ ಕೂತು ಹೇಳಬೇಕು ಅಂತ ಶನಿವಾರ ಬೆಳಗ್ಗೆ ಬಸ್ ಹತ್ತಿದೆ. ಎಡೆ ಇಡೋಕೆ ಹೇಗೂ ಹೋಗಲೇಬೇಕಿತ್ತು.

ದೊಡ್ಡವ್ವ ಜಗಲಿ ಮೇಲೆ ಕೂತು ನೆನೆಸಿದ ಅವರೆಕಾಳು ಇದುಕ್ತಿದ್ದಳು. ನಾನೂ ಪಕ್ಕದಲ್ಲಿ ಕೂತು ಒಂದು ಹಿಡಿ ತಗೊಂಡೆ. ಸಿಪ್ಪೆಯಿಂದ ಬೇಳೆ ಪುಳಕ್ ಅಂತ ಹಾರಿ ತಟ್ಟೆಗೆ ಬೀಳೋದನ್ನ ನೋಡ್ತಾ ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.

“ಅದೇನೋ ಹಾವಿನ ಸುದ್ದಿ ಹಾಕವ್ನಂತಲ್ಲವ್ವ ಅವ್ನು” ಅಂದಳು ಅವಳೇ.

“ಅದನ್ನೇ ಓದ್ಕೊಂಡು ಬಂದಿದೀನಿ ದೊಡ್ಡವ್ವ.”

ಕ್ಯೂಬಾ ಅಂದೆ, ಗುಹೆ ಅಂದೆ, ಬಾವಲಿ ಅಂದೆ. ದರ್ಶಿನಿಯ ಹೋಲಿಕೆ ಅವಳಿಗೆ ಹತ್ತಲಿಲ್ಲ. ಬೇಲಿ ಥರ ನೇತಾಡೋದು ಅಂದಾಗ ಮಾತ್ರ ತಲೆ ಎತ್ತಿದಳು.

“ಕೋಳಿ ಹಿಡ್ಯೋವಾಗ ನಾವು ಅಡ್ಡ ನಿಲ್ಲಲ್ವ, ಹಂಗೆ. ಒಬ್ರು ಈ ಮೂಲೆ, ಒಬ್ರು ಆ ಮೂಲೆ. ನೀನು ಅಲ್ನಿಂತ್ಕ ಅಂತ ಯಾರೂ ಹೇಳ್ಕೊಡಾಕಿಲ್ಲ. ಅವ್ರು ನಿಂತದ್ದು ನೋಡ್ಕಂಡು ಇವ್ರು ನಿಂತ್ಕತಾರೆ.”

ಆ ಪ್ರಬಂಧದ ಆರು ಪುಟ ಮೂರು ಸಾಲಲ್ಲಿ ಮುಗೀತು. ಉತ್ಸಾಹ ಬಂದು ಇನ್ನೊಂದು ಕತೆ ಹೇಳಿದೆ. ಕ್ಯಾಲಿಫೋರ್ನಿಯಾದಲ್ಲಿ ಬುಡುಬುಡಿಕೆ ಹಾವುಗಳ ಮೈಗೆ ಎದೆಬಡಿತ ಅಳೆಯೋ ಯಂತ್ರ ಕಟ್ಟಿ, ಡಬ್ಬದಲ್ಲಿಟ್ಟು ಹೆದರಿಸಿದರು. ಒಂಟಿಯಾಗಿದ್ದಾಗ ಎದೆ ಜೋರಾಗಿ ಬಡ್ಕೊಂಡಿತು. ಪಕ್ಕದಲ್ಲಿ ಇನ್ನೊಂದು ಹಾವು ಇಟ್ಟಾಗ ಅಷ್ಟು ಏರಲಿಲ್ಲ. ಬರೀ ಯಾವುದೋ ವಸ್ತು ಪಕ್ಕದಲ್ಲಿದ್ದರೂ ಸಾಕಾ ಅಂತ ನೋಡೋಕೆ ಒಂದು ದಪ್ಪ ಹಗ್ಗವನ್ನೂ ಇಟ್ಟು ನೋಡಿದರು. ಹಗ್ಗದಿಂದ ಏನೂ ಉಪಯೋಗ ಆಗಲಿಲ್ಲ. ಇದು 2023ರಲ್ಲಿ ಬಂದ ಸುದ್ದಿ.

ದೊಡ್ಡವ್ವ ನಕ್ಕಳು, ಬಾಯಿಗೆ ಸೆರಗು ಅಡ್ಡ ಹಿಡಿದು. “ನಾವು ಹಗ್ಗ ಕಂಡ್ರೆ ಹಾವು ಅಂತ ಕಿರುಚ್ಕತೀವಿ. ಅದು ನೋಡು, ಹಗ್ಗನ ಹಾವು ಅನ್ಕಳಾಕಿಲ್ಲ. ಬುದ್ವಂತ.”

ಅವಳು ನಕ್ಕದ್ದು ನೋಡಿ ನನಗೆ ಧೈರ್ಯ ಬಂತು. ನಿಧಾನಕ್ಕೆ ಗದ್ದೆಗೆ ಬಂದೆ. ಇಲಿ, ತರಗು, ಚಳಿಗಾಲ, ಹೆಣ್ಣಿನ ಜಾಡು. “ಅದು ದೊಡ್ಡಪ್ಪನ್ನ ಹುಡುಕ್ಕೊಂಡು ಬಂದಿದ್ದಲ್ಲ ದೊಡ್ಡವ್ವ. ಬಂದಿದ್ರೂ ಅದರ ಜೋಡೀನ ಹುಡುಕ್ಕೊಂಡು ಬಂದಿತ್ತು. ಸೇಡು ಗೀಡು ಏನೂ ಇಲ್ಲ. ನೀನು ಕೂಗಿ ಕರೆದಿದ್ದಕ್ಕೂ ದೊಡ್ಡಪ್ಪ ಹೋಗಿದ್ದಕ್ಕೂ ಸಂಬಂಧ ಇಲ್ಲ.”

ಕೈ ನಿಲ್ಲಿಸಿದಳು. ಅಳ್ತಾಳೆ ಅಂದುಕೊಂಡೆ. ಅಳಲಿಲ್ಲ. ಪಕ್ಕದ ಬಾಗಿಲ ಕಡೆ ನೋಡಿದಳು, ಅದು ನಮ್ಮ ಮನೆ ಬಾಗಿಲು. ಅಪ್ಪ ಒಳಗಿದ್ದ. ದನಿ ತಗ್ಗಿಸಿ ಹೇಳಿದಳು.

“ನಂಗೊತ್ತು ಕಣವ್ವ. ಹಾವ್ಗೇನು ಗೊತ್ತಾಯ್ತದೆ. ಅದ್ಕೆ ಕಾಲು ತುಳುದ್ರೆ ಕಚ್ಚೋದು ಗೊತ್ತು.”

“ಮತ್ತೆ ಇಷ್ಟು ವರ್ಷ ಯಾಕೆ ಸುಮ್ನಿದ್ದೆ?”

“ನಿಮ್ಮಪ್ಪ ಅವತ್ತು ಗಾಡೀಲಿ ಕೂರಿಸ್ಕಂಡು ಎಲ್ಲಿಗೆ ಕರ್ಕಂಡು ಹೋದ ಅಂತ ನಿಂಗೆ ಯಾರಾದ್ರೂ ಹೇಳವ್ರಾ?”

ಯಾರೂ ಹೇಳಿರಲಿಲ್ಲ. ನಾನು ಕೇಳುತ್ತ ಬೆಳೆದ ಕತೆಯಲ್ಲಿ ಹಾವು ಕಚ್ಚಿದ ಮುಂದಿನ ಸಾಲೇ ಆಸ್ಪತ್ರೆ.

ಅಪ್ಪ ಅಣ್ಣನನ್ನು ಮೊಪೆಡ್ ಮೇಲೆ ಕೂರಿಸಿಕೊಂಡು ಮೊದಲು ಹೋಗಿದ್ದು ಪಕ್ಕದ ಊರಿನ ಒಬ್ಬ ಮಂತ್ರ ಹಾಕೋನ ಹತ್ತಿರ. ಆತ ಕಾಲಿಗೆ ಬಿಗಿಯಾಗಿ ದಾರ ಕಟ್ಟಿ, ಸೊಪ್ಪಿನ ರಸ ಕುಡಿಸಿ, ‘ಇಳೀತದೆ, ತಾಳಿ’ ಅಂದ. ಇವರು ತಾಳಿದರು. ಒಸಡಿನಲ್ಲಿ ರಕ್ತ ಕಾಣಿಸಿಕೊಂಡಾಗ ಎದ್ದು ಆಸ್ಪತ್ರೆಗೆ ಓಡಿದರು. “ಎಲ್ಡು, ಎಲ್ಡೂವರೆ ಗಂಟೆ ಹೋಯ್ತು ಅಲ್ಲೇ” ಅಂದಳು ದೊಡ್ಡವ್ವ.

ಈ ಕಡೆ ಓದುತ್ತಿರೋ ನಿಮಗೆ ಗೊತ್ತಿರಬಹುದು, ಆದರೂ ಹೇಳಿಬಿಡ್ತೀನಿ. ಕೊಳಕುಮಂಡಲದ ವಿಷ ರಕ್ತ ಹೆಪ್ಪುಗಟ್ಟೋ ಶಕ್ತಿಯನ್ನೇ ತಿಂದುಹಾಕುತ್ತೆ, ಮೂತ್ರಪಿಂಡ ಕೆಡಿಸುತ್ತೆ. ಅದಕ್ಕೆ ಮದ್ದು ಅಂದ್ರೆ ಆಸ್ಪತ್ರೆಯಲ್ಲಿ ಕೊಡೋ ಪ್ರತಿವಿಷದ ಚುಚ್ಚುಮದ್ದು ಒಂದೇ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ನಾಲ್ಕಕ್ಕೂ ಒಂದೇ ಔಷಧಿ, ಹಾವನ್ನ ಹಿಡಿದು ತರೋ ಅಗತ್ಯ ಇಲ್ಲ. ಆ ಔಷಧಿ ಮೈಯಲ್ಲಿ ಓಡಾಡ್ತಿರೋ ವಿಷವನ್ನ ತಡೆಯುತ್ತೆ, ಆಗಲೇ ಆಗಿಹೋದ ಹಾನಿಯನ್ನ ಹಿಂದಕ್ಕೆ ತಿರುಗಿಸಲ್ಲ. ಹಾಗಾಗಿ ಗಂಟೆಗಳದ್ದೇ ಲೆಕ್ಕ. ದಾರ ಬಿಗಿಯಬಾರದು, ಕುಯ್ಯಬಾರದು, ನಡೆಸಬಾರದು, ಕಚ್ಚಿದ ಕಾಲು ಅಲುಗದ ಹಾಗೆ ನೋಡಿಕೊಂಡು ನೇರ ಆಸ್ಪತ್ರೆಗೆ. ನಮ್ಮ ದೇಶದಲ್ಲಿ 2000ದಿಂದ 2019ರವರೆಗೆ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಚ್ಚಿ ಸತ್ತಿದ್ದಾರೆ ಅನ್ನೋ ಅಂದಾಜಿದೆ. ಹೆಚ್ಚಿನವರು ಹಳ್ಳಿಯವರು. ಹಾವು ಕಚ್ಚಿದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕು ಅಂತ ಕರ್ನಾಟಕ ನಿಯಮ ತಂದದ್ದು 2024ರ ಫೆಬ್ರವರಿಯಲ್ಲಿ. ನಮ್ಮನೆಯ ಸಾವು ಅದಕ್ಕಿಂತ ಎಷ್ಟೋ ಹಿಂದಿನದು.

“ನಿಮ್ಮಪ್ಪಂಗೆ ಆಗ ಎಷ್ಟು ವಯಸ್ಸು? ಅವ್ನಿಗೇನು ಗೊತ್ತಿತ್ತು” ಅಂದಳು ದೊಡ್ಡವ್ವ. “ಮಣ್ಣು ಮಾಡಿ ಬಂದ್ ರಾತ್ರಿ ಹಿತ್ಲಾಗೆ ತಲೆ ಚಚ್ಕತಿದ್ದ. ನಾನ್ ನೋಡ್ದೆ. ಬೆಳಗೆದ್ದು ಜನ ಜೋಡಿ ಹಾವು, ಜೋಡಿ ಹಾವು ಅಂತ ಶುರು ಮಾಡ್ಕಂಡ್ರು. ನಾನೂ ಹೂಂ ಅಂದೆ. ಹಾವಿನ ಕತೆ ಇದ್ರೆ ಅವ್ನ ಯಾರೂ ಕೇಳಾಕಿಲ್ಲ.”

“ಆದರೆ ತಪ್ಪು ನಿನ್ನ ಮೇಲೆ ಬಂತಲ್ಲ.”

“ಬರ್ಲಿ ಬುಡು. ಹಾವು ಕಂಡೋಳು ಕೂಗ್ದೆ ಇರಕಾಯ್ತದಾ? ನಾಲ್ಕು ಮಕ್ಳು ಇದ್ರಿ ಮೆದೆ ಮೇಲೆ.”

ತಟ್ಟೆ ನನ್ನ ಕಡೆ ತಳ್ಳಿದಳು. “ಇದ್ಕು. ಮಾತಾಡ್ತ ಕೂತ್ರೆ ಸಾರು ಆಗಾಕಿಲ್ಲ.”

ನಾನು ಇದುಕಿದೆ. ಎರಡು ರಾತ್ರಿ ಕೂತು ಕಲೆಹಾಕಿದ ಸಾಕ್ಷಿಯನ್ನೆಲ್ಲ ತಂದು ಯಾವ ಗೋಡೆಯ ಮೇಲೆ ಹೊಡೆದೆ ಅಂತ ಯೋಚಿಸ್ತಿದ್ದೆ. ಸೇಡಿನ ಕತೆ ಸುಳ್ಳು ಅಂತ ನಾನು ಗೆದ್ದರೆ, ಮುಂದಿನ ಪ್ರಶ್ನೆ ‘ಹಾಗಾದ್ರೆ ದೊಡ್ಡಪ್ಪ ಯಾಕೆ ಉಳೀಲಿಲ್ಲ’ ಅನ್ನೋದು. ಅದನ್ನ ನನಗಿಂತ ಮೊದಲೇ ಎಷ್ಟೋ ವರ್ಷದ ಹಿಂದೆ ಅವಳು ನೋಡಿದ್ದಳು, ಹೋಗಿ ಅಡ್ಡ ನಿಂತಿದ್ದಳು.

ಸಂಜೆ ಗ್ರೂಪಿಗೆ ಹಾಕೋಕೆ ಬಸ್ಸಿನಲ್ಲೇ ಉದ್ದದ ಮೆಸೇಜ್ ಟೈಪ್ ಮಾಡಿ ಇಟ್ಟಿದ್ದೆ. ಅದರಲ್ಲಿ ಕೊಳಕುಮಂಡಲದ ಭಾಗ ಅಳಿಸಿದೆ. ಕ್ಯೂಬಾ, ಬಾವಲಿ, ಒಂಬತ್ತು ಹಾವು, ಫೋಟೊ ನಕಲಿ ಅನ್ನೋದು, ಇಷ್ಟನ್ನೇ ಉಳಿಸಿ ಕಳಿಸಿದೆ. ಚಿಕ್ಕಪ್ಪನ ಮಗ ‘ಸೂಪರ್ ಅಕ್ಕ’ ಅಂದ. ಅಪ್ಪ ಹೆಬ್ಬೆರಳು ಎತ್ತಿದ.

ಇಲ್ಲಿಗೇ ನಿಂತಿದ್ದರೆ ನಾನು ಇದನ್ನ ಬರೆಯುತ್ತಿರಲಿಲ್ಲ. ಯುಗಾದಿಗೆ ಊರಿಗೆ ಹೋದಾಗ ದೊಡ್ಡವ್ವನೇ ಅಂದಳು, “ನಿಮ್ಮಪ್ಪಂಗೆ ಎಲ್ಲಾ ಹೇಳ್ಬುಟ್ಟೆ ಕಣವ್ವ. ನನ್ಗೂ ವಯಸ್ಸಾಯ್ತು. ನಾನ್ ಹೋದ್ಮೇಕೆ ಅವ್ನು ಒಬ್ನೇ ಹೊತ್ಕಬೇಕು.” ಅವರಿಬ್ಬರ ನಡುವೆ ಏನು ಮಾತಾಯಿತು ಅಂತ ನನಗೆ ಗೊತ್ತಿಲ್ಲ, ಕೇಳಲೂ ಇಲ್ಲ. ಅವತ್ತು ರಾತ್ರಿ ಅಪ್ಪನಿಗೆ ಊಟ ಬಡಿಸಿದ್ದು ಅವಳೇ.

ಬರೆದಿದ್ದನ್ನ ಕಳಿಸೋ ಮುಂಚೆ ಅಪ್ಪನ ಮುಂದೆ ಕೂತು ಪೂರ್ತಿ ಓದಿದೆ. ಬೇಡ ಅಂದರೆ ಬಿಟ್ಟುಬಿಡೋದು ಅಂತ ತೀರ್ಮಾನ ಮಾಡಿಕೊಂಡಿದ್ದೆ. ಗುಹೆಯ ಭಾಗ ಬಂದಾಗ ಒಂದು ಸಲ ತಡೆದು, “ಕತ್ಲಲ್ಲಿ ಇನ್ನೊಂದು ಎಲ್ಲದೆ ಅಂತ ಅದ್ಕೆ ಹೆಂಗೆ ಗೊತ್ತಾಯ್ತದೆ?” ಅಂತ ಕೇಳಿದ. ವಾಸನೆ ಇರಬಹುದು, ಮೈ ತಾಗಬಹುದು ಅಂದೆ. ಹೂಂ ಅಂದ. ಮೊಪೆಡ್ಡಿನ ಭಾಗ ಓದುವಾಗ ನಾನು ತಲೆ ಎತ್ತಲಿಲ್ಲ.

ಮುಗಿದ ಮೇಲೆ ತುಂಬ ಹೊತ್ತು ಸುಮ್ಮನಿದ್ದ. ಆಮೇಲೆ, “ಹಾಕು” ಅಂದ. “ಎಲ್ಡೂವರೆ ಗಂಟೆ ಅಂತ ಬರ್ದಿದೀಯ, ಅದು ತಪ್ಪು. ಒಂಬತ್ತು ಹತ್ತಕ್ಕೆ ಕಚ್ಚಿದ್ದು. ಆಸ್ಪತ್ರೇಲಿ ಸೂಜಿ ಚುಚ್ದಾಗ ಹನ್ನೆರಡೂವರೆ. ಮೂರು ಗಂಟೆ ಇಪ್ಪತ್ತು ನಿಮಿಷ.”

ಗೋಡೆಗೆ ನೇತುಹಾಕಿದ್ದ ಟಾರ್ಚ್ ತಗೊಂಡು, ಬಾಗಿಲ ಹತ್ತಿರ ಗಮ್‌ಬೂಟ್ ಹಾಕಿಕೊಂಡ. ಕರೆಂಟ್ ಬಂದಿತ್ತು, ನೀರು ತಿರುಗಿಸಬೇಕಿತ್ತು.